ಅಂಗರಚನೆಯ ಮೇಜಿನಿಂದ ಬಲಿಪೀಠಕ್ಕೆ: ಪುನೀತ ನೀಲ್ಸ್ ಸ್ಟೆನ್‌ಸೆನ್

ಕಳೆದ ವರ್ಷ ನಮ್ಮ ಧರ್ಮಕೇಂದ್ರದ ಒಬ್ಬ ಹೆಣ್ಣುಮಗಳಿಗೆ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮನೆಯವರ ಸಂತೋಷಕ್ಕೆ ಪಾರವೇ ಇರಲಿಲ್ಲ. ಕೃತಜ್ಞತಾ ಪೂಜೆ ಮಾಡಿಸಿದರು, ನೆರೆಹೊರೆಗೆಲ್ಲ ಸಿಹಿ ಹಂಚಿದರು. ಎರಡು ತಿಂಗಳ ನಂತರ ರಜೆಗೆ ಬಂದ ಆ ಮಗಳು ಒಂದು ಸಂಜೆ ತಾಯಿಯೊಡನೆ ಗುರುಮನೆಗೆ ಬಂದಳು. ಮುಖ ಬಾಡಿತ್ತು. ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ತಾಯಿ ದೂರಿದರು. ಸ್ವಲ್ಪ ಹೊತ್ತಿನ ಮೇಲೆ ಮಗಳೇ ಬಾಯಿಬಿಟ್ಟಳು. ಅವಳ ತಂಡಕ್ಕೆ ಅಂಗರಚನಾಶಾಸ್ತ್ರದ ಪಾಠಕ್ಕಾಗಿ ಕೊಟ್ಟದ್ದು ಒಬ್ಬ ಮುದುಕರ ಶವ. ಅವರ ಹೆಸರು ಯಾರಿಗೂ ತಿಳಿಯದು. ಹೆಸರಿಲ್ಲದ ಆ ಅಜ್ಜನ ದೇಹವನ್ನು ಕೊಯ್ಯುವುದು ಪಾಪವಲ್ಲವೇ ಎಂಬುದು ಅವಳ ಮೊದಲ ಪ್ರಶ್ನೆ. ದೇಹವನ್ನು ಪೂರ್ತಿ ಬಿಡಿಸಿ ನೋಡಿದ ಮೇಲೆ ಆತ್ಮ, ದೇವರು ಎಂಬ ನಂಬಿಕೆಯೆಲ್ಲ ತಾನಾಗಿ ಉದುರಿಹೋಗುತ್ತದೆ ಎಂದು ಹಿರಿಯ ವಿದ್ಯಾರ್ಥಿಯೊಬ್ಬ ಹೇಳಿದ್ದಾನಂತೆ. ಅದು ನಿಜವೇ ಎಂಬುದು ಎರಡನೆಯ ಪ್ರಶ್ನೆ.

ನಾನು ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದವನು. ಶವಚ್ಛೇದನದ ಕೋಣೆಯ ಬಾಗಿಲನ್ನೂ ಕಂಡವನಲ್ಲ. ಪುಸ್ತಕದ ಉತ್ತರ ಅವಳಿಗೆ ಸಾಲದು ಎನಿಸಿತು. ಆದ್ದರಿಂದ ಅಂಗರಚನೆಯ ಮೇಜನ್ನೂ ಬಲಿಪೀಠವನ್ನೂ ಬಲ್ಲ ಒಬ್ಬರ ಜೀವನವನ್ನು ಅವಳಿಗೆ ಹೇಳಿದೆ. ಅವರೇ ಪುನೀತ ನೀಲ್ಸ್ ಸ್ಟೆನ್‌ಸೆನ್. ವಿಜ್ಞಾನದ ಪುಸ್ತಕಗಳು ಅವರನ್ನು ನಿಕೋಲಾಸ್ ಸ್ಟೆನೋ ಎಂಬ ಲ್ಯಾಟಿನ್ ಹೆಸರಿನಿಂದ ಕರೆಯುತ್ತವೆ. ಅವರ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಅಕ್ಕಸಾಲಿಗನ ಮಗ

ನೀಲ್ಸ್ ಹುಟ್ಟಿದ್ದು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ, 1638ರ ಜನವರಿಯಲ್ಲಿ. ತಂದೆ ಅಕ್ಕಸಾಲಿಗ, ರಾಜನಿಗೂ ಕೆಲಸ ಮಾಡಿಕೊಡುತ್ತಿದ್ದವರು. ಮನೆಯವರು ಆ ದೇಶದ ಎಲ್ಲರಂತೆ ಲೂಥರನ್ ಸಭೆಗೆ ಸೇರಿದವರು. ಮೂರನೆಯ ವಯಸ್ಸಿನಿಂದ ಆರನೆಯ ವಯಸ್ಸಿನವರೆಗೆ ಬಾಲಕ ಕಾಯಿಲೆಯಿಂದ ನರಳಿದ. ಓರಗೆಯ ಮಕ್ಕಳು ಬೀದಿಯಲ್ಲಿ ಆಡುತ್ತಿದ್ದರೆ ಇವನು ದೊಡ್ಡವರ ನಡುವೆ ಕುಳಿತು ಅವರು ದೇವರ ವಿಷಯ ಮಾತಾಡುವುದನ್ನು ಕೇಳುತ್ತಿದ್ದ. ಕಾಯಿಲೆ ವಾಸಿಯಾಗುವ ಹೊತ್ತಿಗೆ ತಂದೆ ತೀರಿಕೊಂಡರು. ಚಿನ್ನದ ಕೆಲಸದ ಮನೆಯಲ್ಲಿ ಬೆಳೆದ ಮಗುವಿಗೆ ಸಣ್ಣ ಸಣ್ಣ ಉಪಕರಣಗಳನ್ನು ನಾಜೂಕಾಗಿ ಹಿಡಿಯುವ ಕೈವಾಡ ಚಿಕ್ಕಂದಿನಲ್ಲೇ ಬಂದಿರಬೇಕು. ಆ ಕೈಗಳೇ ಮುಂದೆ ಅವರ ಹೆಸರನ್ನು ಉಳಿಸಿದವು.

ಹದಿನೆಂಟನೆಯ ವಯಸ್ಸಿನಲ್ಲಿ, 1656ರಲ್ಲಿ, ನೀಲ್ಸ್ ವೈದ್ಯಶಾಸ್ತ್ರ ಓದಲು ಕೋಪನ್‌ಹೇಗನ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಅಲ್ಲಿ ಥಾಮಸ್ ಬಾರ್ಥೊಲಿನ್ ಎಂಬ ಪ್ರಸಿದ್ಧ ಅಂಗರಚನಾಶಾಸ್ತ್ರಜ್ಞರಿದ್ದರು. ಆದರೆ ಓದು ನೆಮ್ಮದಿಯದಾಗಿರಲಿಲ್ಲ. ಸ್ವೀಡನ್ನಿನ ಸೈನ್ಯ ನಗರವನ್ನು ಮುತ್ತಿತು. ವಿದ್ಯಾರ್ಥಿಗಳೂ ಕೋಟೆ ಕಾಯಲು ಹೋಗಬೇಕಾಯಿತು. ಆ ಕಷ್ಟದ ದಿನಗಳಲ್ಲಿ, 1659ರಲ್ಲಿ, ನೀಲ್ಸ್ ಬರೆದಿಟ್ಟ ಟಿಪ್ಪಣಿಗಳ ಕಟ್ಟೊಂದು ಉಳಿದುಬಂದಿದೆ. ಯೇಸುವಿನ ನಾಮದಿಂದ ಆರಂಭವಾಗುವ ಆ ಬರಹದಲ್ಲಿ ತನ್ನ ದೋಷವೊಂದನ್ನು ಅವರು ತಾವೇ ಗುರುತಿಸಿಕೊಳ್ಳುತ್ತಾರೆ. ಒಂದು ವಿಷಯ ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುವುದು ತನ್ನ ಕೆಟ್ಟ ಚಾಳಿ, ಅದನ್ನು ಬಿಡಬೇಕು ಎಂದು ಸಂಕಲ್ಪ ಮಾಡುತ್ತಾರೆ. ಪರೀಕ್ಷೆಗೆ ಓದುವ ನಮ್ಮ ಮಕ್ಕಳೂ ಈ ಮಾತನ್ನು ಗಮನಿಸಬಹುದು.

ಒಂದು ತಪ್ಪು ತಿಳುವಳಿಕೆ

ಮುಂದೆ ಹೋಗುವ ಮೊದಲು ಒಂದು ವಿಷಯ ಸ್ಪಷ್ಟಪಡಿಸಬೇಕು. ಹಿಂದಿನ ಕಾಲದಲ್ಲಿ ಧರ್ಮಸಭೆ ಶವಚ್ಛೇದನವನ್ನು ನಿಷೇಧಿಸಿತ್ತು ಎಂದು ಅನೇಕರು ಹೇಳುವುದುಂಟು. 1299ರಲ್ಲಿ ಜಗದ್ಗುರು ಎಂಟನೆಯ ಬೊನಿಫಾಸ್‌ರವರು ಒಂದು ಆಜ್ಞೆ ಹೊರಡಿಸಿದ್ದು ನಿಜ. ಆದರೆ ಅದು ವೈದ್ಯರ ಕುರಿತದ್ದಲ್ಲ. ದೂರದೇಶದಲ್ಲಿ ಸತ್ತವರ ಎಲುಬುಗಳನ್ನು ಊರಿಗೆ ಒಯ್ಯುವುದಕ್ಕಾಗಿ ದೇಹವನ್ನು ಕತ್ತರಿಸಿ ನೀರಿನಲ್ಲಿ ಬೇಯಿಸುವ ಪದ್ಧತಿಯೊಂದಿತ್ತು. ಆಜ್ಞೆ ಹೊರಟದ್ದು ಅದರ ವಿರುದ್ಧ. ಆ ಬಳಿಕ ಹೆಚ್ಚು ವರ್ಷ ಕಳೆಯುವ ಮೊದಲೇ ಇಟಲಿಯ ಬೊಲೊನ್ಯಾದಲ್ಲಿ ಮೊಂಡಿನೊ ಎಂಬ ವೈದ್ಯರು ವಿದ್ಯಾರ್ಥಿಗಳ ಮುಂದೆ ಶವಚ್ಛೇದನ ಮಾಡಿ, 1316ರಲ್ಲಿ ಅದರ ಮೇಲೆ ಪಾಠದ ಪುಸ್ತಕವನ್ನೂ ಬರೆದರು. 1543ರಲ್ಲಿ ಮಾನವ ದೇಹದ ರಚನೆಯ ಮೇಲೆ ಮಹಾಗ್ರಂಥ ಪ್ರಕಟಿಸಿದ ವೆಸಾಲಿಯಸ್ ಕಲಿಸುತ್ತಿದ್ದುದು ಕಥೋಲಿಕ ಪಡುವಾ ನಗರದಲ್ಲಿ. ಅದೇ ಪಡುವಾದಲ್ಲಿ ಅಂಗರಚನೆಯ ಪಾಠಕ್ಕೆಂದೇ ಮರದ ಮೆಟ್ಟಿಲುಸಾಲುಗಳ ಒಂದು ಶಾಲೆಯನ್ನು 1590ರ ದಶಕದಲ್ಲಿ ಕಟ್ಟಲಾಯಿತು. ಅದು ಇಂದಿಗೂ ನಿಂತಿದೆ.

ಕುರಿಯ ತಲೆಯಲ್ಲಿ ಸಿಕ್ಕ ದಾರಿ

1660ರ ವಸಂತದಲ್ಲಿ ನೀಲ್ಸ್ ಹೆಚ್ಚಿನ ಓದಿಗಾಗಿ ಹಾಲೆಂಡಿನ ಆಮ್‌ಸ್ಟರ್‌ಡಾಮ್‌ಗೆ ಹೋಗಿ ಗೆರಾರ್ಡ್ ಬ್ಲಾಸಿಯಸ್ ಎಂಬ ಅಧ್ಯಾಪಕರ ಮನೆಯಲ್ಲಿ ಉಳಿದುಕೊಂಡರು. ಏಪ್ರಿಲ್ ತಿಂಗಳ ಒಂದು ದಿನ ಕುರಿಯ ತಲೆಯೊಂದನ್ನು ಕೊಂಡು ತಂದು, ಒಬ್ಬರೇ ಕುಳಿತು ಬಿಡಿಸತೊಡಗಿದರು. ಕೆನ್ನೆಯ ಬಳಿ ಸಣ್ಣ ನಾಳವೊಂದು ಕಂಡಿತು. ಅದರೊಳಗೆ ತೆಳುವಾದ ಲೋಹದ ಕಡ್ಡಿ ತೂರಿಸಿದರು. ಕಡ್ಡಿ ಸುಲಭವಾಗಿ ಒಳಗೆ ಸಾಗಿ ಬಾಯಿಯಲ್ಲಿ ಹಲ್ಲಿಗೆ ತಾಗಿ ಸದ್ದು ಮಾಡಿತು.

ಮಕ್ಕಳಿಗೆ ಮಂಗನಬಾವು ಬಂದಾಗ ಕಿವಿಯ ಮುಂದೆ, ಕೆಳಗೆ ಊದಿಕೊಳ್ಳುವ ಗ್ರಂಥಿಯನ್ನು ತಾಯಂದಿರೆಲ್ಲ ಬಲ್ಲಿರಿ. ಬಾಯಲ್ಲಿ ನೀರೂರಿಸುವ ಗ್ರಂಥಿಗಳಲ್ಲಿ ಅದೇ ದೊಡ್ಡದು. ಅದರಿಂದ ಜೊಲ್ಲನ್ನು ಬಾಯಿಗೆ ತರುವ ದಾರಿಯೇ ನೀಲ್ಸ್ ಕಂಡ ಆ ನಾಳ. ನಾಲಿಗೆಯ ತುದಿಯಿಂದ ಕೆನ್ನೆಯ ಒಳಮೈಯನ್ನು, ಮೇಲಿನ ಎರಡನೆಯ ದವಡೆ ಹಲ್ಲಿನ ಎದುರಿಗೆ, ತಡವಿ ನೋಡಿದರೆ ಒಂದು ಚಿಕ್ಕ ಉಬ್ಬು ಸಿಗುತ್ತದೆ. ಆ ನಾಳ ಬಾಯಿಗೆ ತೆರೆದುಕೊಳ್ಳುವುದು ಅಲ್ಲಿಯೇ. ಇಂದಿಗೂ ಪ್ರಪಂಚದ ವೈದ್ಯವಿದ್ಯಾರ್ಥಿಗಳೆಲ್ಲ ಅದನ್ನು ಸ್ಟೆನ್‌ಸೆನ್ ನಾಳವೆಂದೇ ಕಲಿಯುತ್ತಾರೆ. ಆಗ ಅವರಿಗೆ ವಯಸ್ಸು ಇಪ್ಪತ್ತೆರಡು.

ಕಂಡದ್ದನ್ನು ನೀಲ್ಸ್ ಅಧ್ಯಾಪಕರಿಗೆ ತೋರಿಸಿದರು. ಕಡ್ಡಿಯನ್ನು ಬಲವಂತವಾಗಿ ತೂರಿಸಿ ನೀನೇ ತೂತು ಮಾಡಿರಬೇಕು ಎಂದು ಬ್ಲಾಸಿಯಸ್ ತಳ್ಳಿಹಾಕಿದರು. ಸ್ವಲ್ಪ ಕಾಲದ ನಂತರ ಅದನ್ನು ತಾವೇ ಕಂಡುಹಿಡಿದದ್ದೆಂದು ಹೇಳಿಕೊಂಡರು. ಕಹಿಯಾದ ವಿವಾದವೆದ್ದಿತು. ಅಷ್ಟರಲ್ಲಿ ಲೈಡನ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದ ನೀಲ್ಸ್ ಬರೀ ಮಾತಿನ ಜಗಳದಲ್ಲೇ ನಿಲ್ಲಲಿಲ್ಲ. ಮತ್ತಷ್ಟು ತಲೆಗಳನ್ನು ಬಿಡಿಸಿದರು, ಬಾಯಿಯ, ಮೂಗಿನ, ಕಣ್ಣಿನ ಗ್ರಂಥಿಗಳನ್ನು ಒಂದೊಂದಾಗಿ ಹುಡುಕಿದರು. ಕಣ್ಣೀರು ಮೆದುಳಿನಿಂದ ಇಳಿದುಬರುತ್ತದೆ ಎಂದು ಅಂದಿನವರು ನಂಬಿದ್ದರು. ಕಣ್ಣಿನ ಬಳಿಯ ಗ್ರಂಥಿಯೇ ಅದರ ಮೂಲ, ಕಣ್ಣನ್ನು ಒದ್ದೆಯಾಗಿಡುವುದೇ ಅದರ ಕೆಲಸ ಎಂದು ನೀಲ್ಸ್ ತೋರಿಸಿದರು. ಇವನ್ನೆಲ್ಲ 1662ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ನಾಳವನ್ನು ಕಂಡವರು ಯಾರೆಂಬುದು ಬಲ್ಲವರಿಗೆ ತಿಳಿಯಿತು.

ಹೃದಯವೆಂಬ ಸ್ನಾಯು

ಲೈಡನ್‌ನಲ್ಲಿ ಅವರು ಎದುರಿಸಿದ ಪರೀಕ್ಷೆ ಇನ್ನೂ ದೊಡ್ಡದು. ಅಂದಿನ ಯುವ ವಿದ್ವಾಂಸರನ್ನೆಲ್ಲ ಫ್ರಾನ್ಸಿನ ತತ್ವಜ್ಞಾನಿ ರೆನೆ ಡೇಕಾರ್ಟ್ ಆಕರ್ಷಿಸಿದ್ದರು. ಎಲ್ಲವನ್ನೂ ಬುದ್ಧಿಯೊಂದರಿಂದಲೇ ಗಣಿತದಷ್ಟು ಖಚಿತವಾಗಿ ಅರಿಯಬಹುದು ಎಂಬ ಭರವಸೆ ಅವರಲ್ಲಿ ತುಂಬಿತ್ತು. ತತ್ವಜ್ಞಾನಿ ಸ್ಪಿನೋಜ ನೀಲ್ಸ್‌ಗೆ ಪರಿಚಿತರಾದದ್ದೂ ಈ ಕಾಲದಲ್ಲೇ. ಇಂಥ ಚರ್ಚೆಗಳ ನಡುವೆ ನೀಲ್ಸ್ ತಾವು ಬಾಲ್ಯದಿಂದ ಹೊತ್ತುಬಂದ ವಿಶ್ವಾಸವನ್ನೇ ಸಂಶಯಿಸುವ ಹಂತಕ್ಕೆ ಬಂದರು. ನಮ್ಮ ಹುಡುಗಿಗೆ ಹಿರಿಯ ವಿದ್ಯಾರ್ಥಿ ಹೇಳಿದ ಮಾತು ಮುನ್ನೂರೈವತ್ತು ವರ್ಷಗಳ ಹಿಂದೆ ನೀಲ್ಸ್‌ರನ್ನೂ ಕಾಡಿತ್ತು.

ಅವರನ್ನು ಆ ಅಂಚಿನಿಂದ ಹಿಂದಕ್ಕೆ ತಂದದ್ದು ಒಂದು ಎತ್ತಿನ ಹೃದಯ ಎಂದರೆ ಆಶ್ಚರ್ಯವಾಗಬಹುದು. ಹೃದಯ ದೇಹದ ಒಲೆ, ಅದರ ಶಾಖದಿಂದ ರಕ್ತ ಉಬ್ಬಿ ಹರಿಯುತ್ತದೆ ಎಂದು ಡೇಕಾರ್ಟ್ ಬೋಧಿಸಿದ್ದರು. ನೀಲ್ಸ್ ಹೃದಯವನ್ನು ಬೇಯಿಸಿ, ಅದರ ಎಳೆಗಳನ್ನು ಒಂದೊಂದಾಗಿ ಬಿಡಿಸಿದರು. ಕಾಲಿನ ಮಾಂಸಖಂಡದಲ್ಲಿ ಇರುವಂಥ ಎಳೆಗಳೇ ಹೃದಯದಲ್ಲೂ ಇದ್ದವು. ಅದೇ ನರ, ಅದೇ ರಕ್ತನಾಳ, ಅದೇ ಬಗೆಯ ಕುಗ್ಗುವಿಕೆ. ಹೃದಯ ಒಲೆಯಲ್ಲ, ಅದೊಂದು ಸ್ನಾಯು ಎಂದು ಅವರು 1664ರ ತಮ್ಮ ಪುಸ್ತಕದಲ್ಲಿ ಸಾರಿದರು. ಇಂದು ಹೃದಯದ ಚಿಕಿತ್ಸೆಯೆಲ್ಲ ನಿಂತಿರುವುದು ಈ ತಿಳುವಳಿಕೆಯ ಮೇಲೆಯೇ.

ವರ್ಷಗಳ ನಂತರ ತತ್ವಜ್ಞಾನಿ ಲೈಬ್ನಿಟ್ಸ್‌ಗೆ ಬರೆದ ಪತ್ರದಲ್ಲಿ ಈ ಶೋಧನೆ ತಮ್ಮ ಮನಸ್ಸಿನ ಮೇಲೆ ಮಾಡಿದ ಪರಿಣಾಮವನ್ನು ನೀಲ್ಸ್ ವಿವರಿಸಿದ್ದಾರೆ. ಕೈಯಲ್ಲಿ ಹಿಡಿದು, ಮೇಜಿನ ಮೇಲಿಟ್ಟು, ಕಣ್ಣಾರೆ ನೋಡಬಹುದಾದ ವಸ್ತುವಿನ ವಿಷಯದಲ್ಲೇ ಈ ಮಹಾಪಂಡಿತರು ಇಷ್ಟು ತಪ್ಪಿದ್ದರೆ, ಕಣ್ಣಿಗೆ ಕಾಣದ ದೇವರ ಮತ್ತು ಆತ್ಮದ ವಿಷಯದಲ್ಲಿ ಅವರ ಖಚಿತ ಮಾತುಗಳನ್ನು ಹೇಗೆ ನಂಬುವುದು ಎಂದು ಅವರು ತಮ್ಮನ್ನೇ ಕೇಳಿಕೊಂಡರಂತೆ. ಗಮನಿಸಿ, ನೀಲ್ಸ್ ಹೃದಯದೊಳಗೆ ಆತ್ಮವನ್ನು ಕಾಣಲಿಲ್ಲ. ಕಂಡೆನೆಂದು ಹೇಳಲೂ ಇಲ್ಲ. ಅಲ್ಲಿ ಅವರಿಗೆ ದೊರೆತದ್ದು ವಿನಯ. ತನಗೆ ತಿಳಿಯದ್ದನ್ನು ತಿಳಿದಿದೆ ಎನ್ನುವ ಜಂಬಕ್ಕೆ ಅವರು ಅಂದಿನಿಂದ ಬೆಲೆ ಕೊಡಲಿಲ್ಲ.

ಈ ವಿನಯವನ್ನು ಪ್ಯಾರಿಸ್ ನಗರ 1665ರಲ್ಲಿ ಕಂಡಿತು. ಅದಕ್ಕೆ ಮುಂಚೆ ತಾಯ್ನಾಡಿನಲ್ಲಿ ಅವರು ಬಯಸಿದ್ದ ಪ್ರಾಧ್ಯಾಪಕ ಹುದ್ದೆ ಬೇರೊಬ್ಬರ ಪಾಲಾಗಿತ್ತು, ತಾಯಿಯೂ ತೀರಿಕೊಂಡಿದ್ದರು. ಪ್ಯಾರಿಸ್ಸಿನ ವಿದ್ವಾಂಸರ ಕೂಟದಲ್ಲಿ ಮೆದುಳಿನ ಬಗ್ಗೆ ಉಪನ್ಯಾಸ ಮಾಡಲು ನಿಂತ ಈ ಯುವಕ ಮೊಟ್ಟಮೊದಲು ಹೇಳಿದ್ದು ಮೆದುಳಿನ ವಿಷಯದಲ್ಲಿ ತನಗೆ ಏನೂ ತಿಳಿಯದು ಎಂದು. ಮೆದುಳಿನ ಒಂದು ಚಿಕ್ಕ ಗ್ರಂಥಿಯಲ್ಲಿ ಆತ್ಮ ಕುಳಿತು, ಅದನ್ನು ಅತ್ತಿತ್ತ ತಿರುಗಿಸಿ ದೇಹವನ್ನು ನಡೆಸುತ್ತದೆ ಎಂಬ ಡೇಕಾರ್ಟರ ಮಾತು ಆಗ ಹೆಸರಾಗಿತ್ತು. ಆ ಗ್ರಂಥಿ ಹಾಗೆ ಅಲುಗಾಡುವಂತೆ ಇಲ್ಲವೇ ಇಲ್ಲ ಎಂದು ನೀಲ್ಸ್ ವಿವರಿಸಿದರು. ಊಹೆ ಬಿಟ್ಟು, ಮೆದುಳಿನ ಬಿಳಿಯ ಎಳೆಗಳು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತವೆ ಎಂದು ತಾಳ್ಮೆಯಿಂದ ಬೆನ್ನುಹತ್ತಿರಿ ಎಂದರು. ಇಂದಿನ ಮೆದುಳಿನ ವಿಜ್ಞಾನಿಗಳೂ ಅದೇ ಎಳೆಗಳ ಜಾಡು ಹಿಡಿದು ಹೋಗುತ್ತಿದ್ದಾರೆ.

ಅದೇ ಪ್ಯಾರಿಸ್ಸಿನಲ್ಲಿ ಅವರು ಹುಟ್ಟುವ ಮೊದಲೇ ಸತ್ತ ಒಂದು ಶಿಶುವಿನ ಹೃದಯವನ್ನು ಪರೀಕ್ಷಿಸಿ, ಅದರ ದೋಷಗಳನ್ನು ಬರೆದಿಟ್ಟರು. ಮೈ ನೀಲಿಗಟ್ಟುವ ಮಕ್ಕಳಲ್ಲಿ ಕಾಣುವ ಆ ಹೃದ್ರೋಗಕ್ಕೆ ಇಂದು ಫಾಲೋ ಎಂಬ ಫ್ರೆಂಚ್ ವೈದ್ಯರ ಹೆಸರಿದೆ. ಫಾಲೋ ಅದನ್ನು ವಿವರಿಸಿದ್ದು 1888ರಲ್ಲಿ. ನೀಲ್ಸ್ ಇನ್ನೂರು ವರ್ಷಗಳಿಗೂ ಮೊದಲೇ ಅದನ್ನು ಗುರುತಿಸಿದ್ದರು.

ಸಂತ ಪೌಲರ ಕಲ್ಲುಗಳು

1666ರಲ್ಲಿ ನೀಲ್ಸ್ ಇಟಲಿಗೆ ಬಂದರು. ಫ್ಲಾರೆನ್ಸಿನ ದೊರೆ ಎರಡನೆಯ ಫರ್ಡಿನಾಂಡ್ ಅವರನ್ನು ಆದರದಿಂದ ಕಂಡು, ಸಾಂತಾ ಮರಿಯಾ ನುವೋವಾ ಆಸ್ಪತ್ರೆಯಲ್ಲಿ ಸಂಶೋಧನೆಗೆ ಅನುಕೂಲ ಮಾಡಿಕೊಟ್ಟರು. ಆ ವರ್ಷದ ಅಕ್ಟೋಬರಿನಲ್ಲಿ ಲಿವೋರ್ನೊ ಬಳಿ ಮೀನುಗಾರರು ದೈತ್ಯ ಶಾರ್ಕ್ ಮೀನೊಂದನ್ನು ಹಿಡಿದರು. ಅದರ ತಲೆ ನೀಲ್ಸ್‌ರ ಮೇಜಿಗೆ ಬಂತು.

ಅಪೊಸ್ತಲರ ಕಾರ್ಯಕಲಾಪಗಳಲ್ಲಿ ಸಂತ ಪೌಲರು ಮಾಲ್ಟಾ ದ್ವೀಪದಲ್ಲಿ ಹಾವು ಕಚ್ಚಿಯೂ ಬದುಕಿದ ಪ್ರಸಂಗ ನಿಮಗೆ ನೆನಪಿರಬಹುದು. ಆ ದ್ವೀಪದ ಬಂಡೆಗಳಲ್ಲಿ ನಾಲಿಗೆಯಾಕಾರದ ಚೂಪು ಕಲ್ಲುಗಳು ಸಿಗುತ್ತವೆ. ಸಂತರ ಶಾಪದಿಂದ ಕಲ್ಲಾದ ಹಾವಿನ ನಾಲಿಗೆಗಳು ಇವು ಎಂದು ಜನ ನಂಬಿ, ವಿಷ ತಗಲದಿರಲೆಂದು ಅವನ್ನು ತಾಯಿತದಂತೆ ಧರಿಸುತ್ತಿದ್ದರು. ಶಾರ್ಕಿನ ಹಲ್ಲುಗಳನ್ನೂ ಈ ಕಲ್ಲುಗಳನ್ನೂ ನೀಲ್ಸ್ ಅಕ್ಕಪಕ್ಕ ಇಟ್ಟು ನೋಡಿದರು. ಎರಡೂ ಒಂದೇ. ಇವು ಹಿಂದೆಂದೋ ಸಮುದ್ರದಲ್ಲಿದ್ದ ಮೀನುಗಳ ಹಲ್ಲುಗಳು, ಮೆತ್ತನೆಯ ಕೆಸರಿನಲ್ಲಿ ಹುದುಗಿ ಆ ಕೆಸರೇ ಬಂಡೆಯಾಗಿದೆ ಎಂದು 1667ರಲ್ಲಿ ಬರೆದರು. ಬಂಡೆಗಳು ಪದರ ಪದರವಾಗಿ ಕೂಡಿದವು, ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂದು 1669ರ ಪುಸ್ತಕದಲ್ಲಿ ವಿವರಿಸಿದರು. ಭೂವಿಜ್ಞಾನದ ತಂದೆಯರಲ್ಲಿ ಅವರೂ ಒಬ್ಬರು ಎಂದು ವಿಜ್ಞಾನಿಗಳು ಗೌರವಿಸುವುದು ಇದಕ್ಕಾಗಿ. ಭಕ್ತಿಯ ಹೆಸರಿನಲ್ಲಿದ್ದ ಕಥೆಯೊಂದನ್ನು ಬಿಟ್ಟುಕೊಟ್ಟದ್ದರಿಂದ ಸಂತ ಪೌಲರ ಗೌರವ ಒಂದಿಷ್ಟೂ ಕುಂದಲಿಲ್ಲ.

1667ರ ಅದೇ ಪುಸ್ತಕದಲ್ಲಿ ಇನ್ನೊಂದು ಮುಖ್ಯ ಮಾತಿತ್ತು. ಮರಿಹಾಕುವ ಮೀನೊಂದನ್ನು ಬಿಡಿಸಿ ನೋಡಿದ ನೀಲ್ಸ್, ಸ್ತ್ರೀಯ ದೇಹದಲ್ಲಿಯೂ ಅಂಡಗಳನ್ನು ಹೊಂದಿದ ಅಂಗವಿದೆ ಎಂಬ ತೀರ್ಮಾನಕ್ಕೆ ಬಂದರು. ನಾವಿಂದು ಅಂಡಾಶಯ ಎನ್ನುವುದು ಅದನ್ನೇ. ಮಗುವಿನ ಹುಟ್ಟಿನಲ್ಲಿ ತಾಯಿ ಬೀಜ ಬಿತ್ತುವ ನೆಲ ಮಾತ್ರ ಎಂಬ ಹಳೆಯ ಭಾವನೆ ಅಳಿಯಲು ಇಂಥ ಶೋಧನೆಗಳೇ ದಾರಿ ಮಾಡಿದವು.

ಮೃತರ ಸ್ಮರಣೆಯ ದಿನದ ನಿರ್ಧಾರ

ಲಿವೋರ್ನೊದಲ್ಲಿ 1666ರಲ್ಲಿ ಪರಮಪ್ರಸಾದದ ಮೆರವಣಿಗೆಯೊಂದನ್ನು ನೀಲ್ಸ್ ಕಂಡಿದ್ದರು. ಜನರೆಲ್ಲ ಮೊಣಕಾಲೂರುತ್ತಿದ್ದರು. ಪ್ರೊಟೆಸ್ಟೆಂಟರಾದ ನೀಲ್ಸ್ ಬದಿಯಲ್ಲಿ ನಿಂತು ಯೋಚಿಸಿದರು. ಇದು ಬರಿಯ ರೊಟ್ಟಿಯ ತುಂಡಾದರೆ ಇಷ್ಟು ಜನರೆಲ್ಲ ಮರುಳರು. ನಿಜವಾಗಿ ಕ್ರಿಸ್ತರ ಶರೀರವಾದರೆ ನಾನೇಕೆ ಆರಾಧಿಸದೆ ನಿಂತಿದ್ದೇನೆ? ಮೇಜಿನ ಮೇಲಿನ ಹೃದಯದ ಮುಂದೆ ಪ್ರಶ್ನೆಯಿಂದ ತಪ್ಪಿಸಿಕೊಳ್ಳದ ಮನುಷ್ಯ ಇಲ್ಲಿಯೂ ತಪ್ಪಿಸಿಕೊಳ್ಳಲಿಲ್ಲ.

ಔಷಧಿ ತರಲು ಅವರು ಹೋಗುತ್ತಿದ್ದ ಕನ್ಯಾಮಠದ ಔಷಧಾಲಯವನ್ನು ಸಿಸ್ಟರ್ ಮರಿಯಾ ಫ್ಲಾವಿಯಾ ನೋಡಿಕೊಳ್ಳುತ್ತಿದ್ದರು. ಹೆಚ್ಚು ಓದಿದವರಲ್ಲದಿದ್ದರೂ ಆಕೆ ಈ ವಿದ್ವಾಂಸರೊಡನೆ ವಿಶ್ವಾಸದ ಮಾತಾಡಲು ಹಿಂಜರಿಯಲಿಲ್ಲ, ಅವರಿಗಾಗಿ ಪ್ರಾರ್ಥಿಸುವುದನ್ನು ಬಿಡಲಿಲ್ಲ. ಲವೀನಿಯಾ ಆರ್ನೊಲ್ಫಿನಿ ಎಂಬ ಗೃಹಿಣಿಯೂ ಅವರನ್ನು ತಾಳ್ಮೆಯಿಂದ ದಾರಿಗೆ ತಂದರು. ನೀಲ್ಸ್ ಸ್ವತಃ ಬೈಬಲ್ ಗ್ರಂಥವನ್ನೂ ಆದಿಸಭೆಯ ಪಿತೃಗಳ ಬರಹಗಳನ್ನೂ ಮೂಲಭಾಷೆಯಲ್ಲಿ ಓದಿದರು. ಕೊನೆಗೆ 1667ರ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಕಥೋಲಿಕ ಧರ್ಮಸಭೆಯನ್ನು ಸೇರುವ ನಿರ್ಧಾರಕ್ಕೆ ಬಂದರು. ಆ ವೇಳೆಗೇ ಡೆನ್ಮಾರ್ಕಿನ ರಾಜರಿಂದ ತಾಯ್ನಾಡಿಗೆ ಕರೆಯೂ ಬಂದಿತ್ತು. ಹಿಂದೆ ಕೈತಪ್ಪಿದ್ದ ಗೌರವ ಈಗ ಬಾಗಿಲಿಗೆ ಬಂದಿತ್ತು, ಅದನ್ನು ಕಳೆದುಕೊಳ್ಳುವ ಭಯವೂ ಇತ್ತು. ಆದರೂ ಅವರು ನಿರ್ಧಾರ ಬದಲಿಸಲಿಲ್ಲ.

1672ರಲ್ಲಿ ಅವರು ರಾಜರ ಅಂಗರಚನಾಶಾಸ್ತ್ರಜ್ಞರಾಗಿ ಕೋಪನ್‌ಹೇಗನ್‌ಗೆ ಮರಳಿದರು. ಕಥೋಲಿಕರಾದ್ದರಿಂದ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪದವಿ ಮಾತ್ರ ಸಿಗಲಿಲ್ಲ. 1673ರ ಆರಂಭದಲ್ಲಿ ಅಲ್ಲಿ ಒಬ್ಬ ಹೆಂಗಸಿನ ಶವದ ಮುಂದೆ ನಿಂತು ಅವರು ಮಾಡಿದ ಭಾಷಣವನ್ನು ಇಂದಿಗೂ ನೆನೆಯುತ್ತಾರೆ. ದೇಹದಲ್ಲಿ ಕಣ್ಣಿಗೆ ಕಾಣುವುದು ಸುಂದರ, ಬುದ್ಧಿಗೆ ತಿಳಿಯುವುದು ಅದಕ್ಕೂ ಸುಂದರ, ನಮ್ಮ ಅರಿವಿಗೆ ಎಟುಕದೆ ಉಳಿಯುವುದು ಎಲ್ಲಕ್ಕಿಂತ ಸುಂದರ ಎಂಬುದು ಆ ಭಾಷಣದ ತಿರುಳು. ದೇಹವನ್ನು ನೋಡಿ ಅದನ್ನು ಮಾಡಿದವನ ಕಡೆಗೆ ಮನಸ್ಸು ಏರಬೇಕು, ಅಂಗರಚನೆಯ ಗುರಿ ಅದೇ ಎಂದು ಅವರು ತಿಳಿಸಿದರು.

ಉಂಗುರ ಮಾರಿದ ಧರ್ಮಾಧ್ಯಕ್ಷರು

ಒಂದೆರಡು ವರ್ಷಗಳಲ್ಲೇ ಅವರು ಫ್ಲಾರೆನ್ಸಿಗೆ ಮರಳಿ, 1675ರ ಪಾಸ್ಖ ಕಾಲದಲ್ಲಿ ಗುರುದೀಕ್ಷೆ ಪಡೆದರು. 1677ರಲ್ಲಿ ಉತ್ತರ ಯೂರೋಪಿನಲ್ಲಿ ಚದುರಿದ್ದ ಕಥೋಲಿಕರಿಗೆ ಧರ್ಮಾಧ್ಯಕ್ಷರಾಗಿ ಹೋಗಬೇಕೆಂಬ ಕರೆ ಬಂದಾಗ ಕಾಲ್ನಡಿಗೆಯಲ್ಲೇ ರೋಮಿಗೆ ಹೊರಟರು. ಆ ವರ್ಷದ ಸೆಪ್ಟೆಂಬರಿನಲ್ಲಿ ಅವರಿಗೆ ಅಭಿಷೇಕ ನೀಡಿದವರು ಕಾರ್ಡಿನಲ್ ಗ್ರಿಗೋರಿಯೊ ಬಾರ್ಬರಿಗೊ. ಅವರೂ ಮುಂದೆ 1960ರಲ್ಲಿ ಸಂತ ಪದವಿಗೇರಿದರು.

ಜರ್ಮನಿಯ ಹನೋವರ್, ಮ್ಯೂನ್‌ಸ್ಟರ್, ಹ್ಯಾಂಬರ್ಗ್, ಷ್ವೆರಿನ್ ನಗರಗಳಲ್ಲಿ ಅವರ ಕೊನೆಯ ವರ್ಷಗಳು ಕಳೆದವು. ಬಡವರಿಗೆ ಕೊಡಲು ಹಣವಿಲ್ಲದಾಗ ತಮ್ಮ ಧರ್ಮಾಧ್ಯಕ್ಷ ಪದವಿಯ ಉಂಗುರವನ್ನೂ ಶಿಲುಬೆಯನ್ನೂ ಮಾರಿದರು. ಅಕ್ಕಸಾಲಿಗನ ಮಗನಿಗೆ ಚಿನ್ನದ ಬೆಲೆ ಚೆನ್ನಾಗಿಯೇ ತಿಳಿದಿತ್ತು. 1683ರಲ್ಲಿ ಮ್ಯೂನ್‌ಸ್ಟರ್‌ನ ಹೊಸ ಧರ್ಮಾಧ್ಯಕ್ಷರ ಆಯ್ಕೆಯಲ್ಲಿ ಹಣ ಓಡಾಡಿದಾಗ ಅದನ್ನು ಪ್ರತಿಭಟಿಸಿ ನಗರವನ್ನೇ ಬಿಟ್ಟು ಹೊರಟರು. ಪದವಿಯೂ ಆದಾಯವೂ ಹೋಯಿತು. ಷ್ವೆರಿನ್‌ನಲ್ಲಿ ಬೆರಳೆಣಿಕೆಯ ಕಥೋಲಿಕರ ನಡುವೆ ಹಳೆಯ ಮೇಲಂಗಿ ತೊಟ್ಟು ಸಾಮಾನ್ಯ ಗುರುವಿನಂತೆ ಬಾಳಿದರು. ಪಿತ್ತಕೋಶದ ಕಲ್ಲಿನ ತೀವ್ರ ನೋವಿನಲ್ಲಿ ಪ್ರಾರ್ಥಿಸುತ್ತಲೇ, 1686ರ ಡಿಸೆಂಬರ್ 5ರಂದು ತೀರಿಕೊಂಡರು. ನಲವತ್ತೊಂಬತ್ತನ್ನು ಇನ್ನೂ ಮುಟ್ಟಿರಲಿಲ್ಲ.

ಹನೋವರಿನಲ್ಲಿ ಅವರನ್ನು ಕಂಡ ಲೈಬ್ನಿಟ್ಸ್‌ಗೆ ಒಂದು ಕೊರಗಿತ್ತು. ಅಷ್ಟು ದೊಡ್ಡ ವಿಜ್ಞಾನಿ ಸಾಧಾರಣ ದೈವಶಾಸ್ತ್ರಿಯಾಗಿ ಮುಗಿದರಲ್ಲ ಎಂದು ಅವರು ಮರುಗಿದರು. ಈ ಮಾತನ್ನು ನಾವು ಸುಮ್ಮನೆ ತಳ್ಳಿಹಾಕಬಾರದು. ವಿಜ್ಞಾನಕ್ಕೆ ನಷ್ಟವಾದದ್ದು ನಿಜ. ವೈದ್ಯರಾಗಿಯೇ ದೇವರ ಸೇವೆ ಮಾಡುವವರು ಅನೇಕರಿದ್ದಾರೆ, ಆ ಕರೆ ಗುರುಗಳ ಕರೆಗಿಂತ ಕೀಳಲ್ಲ. ಆದರೆ ನೀಲ್ಸ್ ಅಂಗರಚನೆಯನ್ನು ಬಿಟ್ಟದ್ದು ಅದು ಸುಳ್ಳೆಂದಲ್ಲ, ಪಾಪವೆಂದೂ ಅಲ್ಲ. ದೇಹವನ್ನು ಬಲ್ಲ ಗುರುಗಳಾಗಿ, ಕೈಬಿಟ್ಟುಹೋದ ಜನರ ಬಳಿ ಇರಬೇಕೆಂದು ಅವರಿಗೆ ಅನಿಸಿತು. ಸತ್ತವರ ದೇಹವನ್ನು ಅಷ್ಟು ಗೌರವದಿಂದ ಮುಟ್ಟಿದ ಕೈಗಳು ಬದುಕಿರುವ ಬಡವರನ್ನು ಮುಟ್ಟದೆ ಇರಲಾಗಲಿಲ್ಲ.

ಅವರ ಪಾರ್ಥಿವ ಶರೀರವನ್ನು ಫ್ಲಾರೆನ್ಸಿಗೆ ತಂದು ಸಾನ್ ಲೊರೆಂಜೊ ದೇವಾಲಯದಲ್ಲಿ ಭೂಸ್ಥಾಪನೆ ಮಾಡಲಾಯಿತು. 1881ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಸೇರಿದ ಭೂವಿಜ್ಞಾನಿಗಳು ಅಲ್ಲಿ ಅವರ ನೆನಪಿಗೆ ಫಲಕ ಇರಿಸಿದರು. 1988ರ ಅಕ್ಟೋಬರ್ 23ರಂದು ಜಗದ್ಗುರು ಎರಡನೆಯ ಜಾನ್ ಪಾಲ್‌ರವರು ಅವರನ್ನು ಪುನೀತರೆಂದು ಘೋಷಿಸಿದರು. ಡಿಸೆಂಬರ್ 5 ಅವರ ಸ್ಮರಣೆಯ ದಿನ.

ಹೆಸರಿಲ್ಲದ ಗುರುಗಳು

ಆ ಮಗಳ ಮೊದಲ ಪ್ರಶ್ನೆಗೆ ಧರ್ಮಸಭೆಯ ಉತ್ತರ ಸ್ಪಷ್ಟವಾಗಿದೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2301ನೆಯ ಪರಿಚ್ಛೇದ, ವೈಜ್ಞಾನಿಕ ಸಂಶೋಧನೆಗಾಗಿ ಶವಪರೀಕ್ಷೆ ಮಾಡುವುದು ನೈತಿಕವಾಗಿ ಸಮ್ಮತ ಎನ್ನುತ್ತದೆ. ಮರಣದ ನಂತರ ಅಂಗಗಳನ್ನು ಉಚಿತವಾಗಿ ಕೊಡುವುದು ಪುಣ್ಯಕಾರ್ಯವೂ ಆಗಬಲ್ಲದು ಎಂದು ಹೇಳುತ್ತದೆ. ಪುನರುತ್ಥಾನದ ನಿರೀಕ್ಷೆಯಿಂದ ಮೃತದೇಹವನ್ನು ಗೌರವಿಸಬೇಕು ಎಂಬುದೂ ಅದೇ ಉಪದೇಶದ ಭಾಗ. ಕೊಯ್ಯುವುದು ಪಾಪವಲ್ಲ, ಅಗೌರವ ತೋರುವುದು ಪಾಪ. ಇಂದು ನಮ್ಮ ದೇಶದ ಹಲವು ವೈದ್ಯಕೀಯ ಕಾಲೇಜುಗಳಲ್ಲಿ ಮೊದಲ ಪಾಠಕ್ಕೆ ಮುಂಚೆ ವಿದ್ಯಾರ್ಥಿಗಳು ಶವದ ಮುಂದೆ ನಿಂತು ಗೌರವದ ಪ್ರತಿಜ್ಞೆ ಮಾಡುತ್ತಾರೆ. ಅದು ಒಳ್ಳೆಯ ಪದ್ಧತಿ.

ಎರಡನೆಯ ಪ್ರಶ್ನೆಗೆ ನೀಲ್ಸ್ ಸ್ಟೆನ್‌ಸೆನ್‌ರ ಜೀವನವೇ ಉತ್ತರ. ಕತ್ತಿಯ ಮೊನೆಗೆ ಆತ್ಮ ಸಿಗುವುದಿಲ್ಲ ಎಂಬುದು ಅವರಿಗೂ ತಿಳಿದಿತ್ತು. ಸಿಗದ ಮಾತ್ರಕ್ಕೆ ಇಲ್ಲವೆಂದು ತೀರ್ಪು ಕೊಡುವಷ್ಟು ಅವಸರ ಅವರಿಗಿರಲಿಲ್ಲ, ಅಷ್ಟೇ. ಕಂಡದ್ದನ್ನು ಕಂಡಂತೆ ಹೇಳು, ಕಾಣದ್ದನ್ನು ಕಂಡೆನೆನ್ನಬೇಡ ಎಂದು ಆ ಮಗಳಿಗೆ ಹೇಳಿದೆ. ಹೊರಡುವ ಮುಂಚೆ, ಆ ಅಜ್ಜನಿಗಾಗಿ ತಾನು ಏನು ಮಾಡಬಹುದು ಎಂದು ಅವಳೇ ಕೇಳಿದಳು. ದಿನವೂ ಕೆಲಸ ಆರಂಭಿಸುವ ಮೊದಲು ಅವರ ಆತ್ಮಶಾಂತಿಗಾಗಿ ಒಂದು ಸಣ್ಣ ಪ್ರಾರ್ಥನೆ ಹೇಳಿಕೊ ಎಂದೆ. ಈಗ ಹಾಗೆಯೇ ಮಾಡುತ್ತಿದ್ದಾಳೆ, ಊಟವೂ ಸೇರುತ್ತಿದೆ ಎಂದು ತಾಯಿ ಹೇಳುತ್ತಾರೆ.

ನಾವು ಕಾಯಿಲೆ ಬಿದ್ದಾಗ ನಮ್ಮನ್ನು ಉಳಿಸುವ ಪ್ರತಿಯೊಬ್ಬ ವೈದ್ಯರಿಗೂ ಇಂಥ ಒಬ್ಬರ ದೇಹವೇ ಮೊದಲ ಪಾಠ ಕಲಿಸಿದೆ. ಅವರಲ್ಲಿ ಎಷ್ಟೋ ಜನರಿಗೆ ಹೂವಿಟ್ಟವರಿಲ್ಲ, ಸಮಾಧಿಯಲ್ಲಿ ಹೆಸರಿಲ್ಲ. ಬರುವ ನವೆಂಬರ್ 2ರಂದು ನಮ್ಮವರ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುವಾಗ, ಹೆಸರಿಲ್ಲದ ಈ ಗುರುಗಳಿಗಾಗಿಯೂ ಒಂದನ್ನು ಹಚ್ಚೋಣ.